ಸಿದ್ದಾಪುರದ ಕಾವೊನ್ ತಾ

ಹೊಸ ಸೊಸೆ ಹುಬ್ಬು ಹಾರಿಸುತ್ತಾಳೆ ಎಂಬುದು ನಮ್ಮ ಅತ್ತೆಯ ಮೊದಲ ದೂರಾಗಿತ್ತು. ಮದುವೆಯಾಗಿ ಮನೆಗೆ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆ ಅನ್ನದ ಪಾತ್ರೆ ಹಿಡಿದು ಅವಳೆದುರು ಬಗ್ಗಿ “ಅನ್ನ ಬೇಕನೆ?” ಎಂದು ಕೇಳಿದರು. ಅವಳು ಎರಡೂ ಹುಬ್ಬು ಮೇಲೆತ್ತಿ ಇಳಿಸಿದಳು. ನಮ್ಮ ಕಡೆ ಹುಬ್ಬು ಮೇಲೇರಿದರೆ ‘ಎಂತ?’ ಎಂದು ಅರ್ಥ. ಕೇಳಿಸಲಿಲ್ಲವೇನೋ ಎಂದು ಅತ್ತೆ ಇನ್ನೂ ಸ್ವಲ್ಪ ಜೋರಾಗಿ ಕೇಳಿದರು. ಮತ್ತೆ ಹುಬ್ಬು. ಆಮೇಲೆ ಪಕ್ಕದ ಮನೆಯವರೂ ಅನ್ನ ಬೇಕೋ ಬೇಡವೋ ಹೇಳಬೇಕು, ಅಷ್ಟು ಜೋರಾಗಿ ಕೇಳಿದರು. ಅವಳು, ಪಾಪ, ಹುಬ್ಬನ್ನು ಕೂದಲಿಗೆ ತಾಗುವಷ್ಟು ಎತ್ತಿದಳು. ಕೊನೆಗೆ ನನ್ನ ಮೈದುನನೇ “ಆಯಿ, ಅವರ ಊರಲ್ಲಿ ಹುಬ್ಬು ಎತ್ತಿದ್ರೆ ಹೌದು ಹೇಳಿ ಅರ್ಥ. ಹಾಕು” ಎಂದ.

“ಬಾಯಿ ಇದ್ದಲ, ಹುಬ್ಬು ಎಂತಕ್ಕೆ?” ಎನ್ನುತ್ತ ಅತ್ತೆ ಬಡಿಸಿದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ಮೈದುನ ಕೊಲ್ಲಿ ದೇಶದ ಆಸ್ಪತ್ರೆಯೊಂದರಲ್ಲಿ ಎಕ್ಸರೇ ತೆಗೆಯುವ ಕೆಲಸದಲ್ಲಿದ್ದ. ಅಲ್ಲಿಯೇ ನರ್ಸ್ ಆಗಿದ್ದವಳನ್ನು ಮೆಚ್ಚಿ ಮದುವೆಯಾದ. ಅವಳ ಊರು ಫಿಲಿಪೈನ್ಸಿನ ಇಲೋಯ್ಲೋ. ಅಲ್ಲಿಯ ಮಾತಿಗೆ ಹಿಲಿಗಾಯ್ನೋನ್ ಎಂದು ಹೆಸರು. ಆ ಹೆಸರನ್ನು ಬಾಯಿಗೆ ಒಗ್ಗಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಅತ್ತೆ ಆ ಪ್ರಯತ್ನಕ್ಕೇ ಹೋಗಲಿಲ್ಲ. ಗಂಡ ಹೆಂಡತಿ ಕೆಲಸ ಬಿಟ್ಟು ಊರಿಗೆ ಬಂದು, ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಕ್ಸರೇ ಕೋಣೆ ತೆರೆದರು. ಮನೆ ಅಲ್ಲಿಂದ ಎರಡು ಬೀದಿಯಾಚೆ. ಅತ್ತೆ, ನಾನು, ನನ್ನ ಗಂಡ, ಅವರಿಬ್ಬರು, ಇಷ್ಟೇ ಜನ. ನಾನು ಮನ್ಮನೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಟೀಚರ್. ಬಾಯಿ ಜೋರು ಎಂದು ಮೊದಲಿನಿಂದಲೂ ಹೆಸರು ಮಾಡಿದವಳು. ನನ್ನ ಜೊತೆಗೆ ಮಾತೇ ಬಾರದ ಒಬ್ಬಳು ನೆಗೆಣ್ಣಿ ಬಂದಳು ಎಂದು ಊರಿನವರು ನಕ್ಕಿದ್ದೇ ನಕ್ಕಿದ್ದು.

ಮಾತು ಬಾರದವಳಲ್ಲ ಅವಳು. ಬಾಯಿ ತುಂಬ ಮಾತಿತ್ತು, ಕೇಳುವ ಕಿವಿ ಇರಲಿಲ್ಲ. ಗಂಡನ ಹತ್ತಿರ ಇಂಗ್ಲಿಷು. ನಮ್ಮ ಹತ್ತಿರ ದಿನಕ್ಕೊಂದು ಎರಡು ಶಬ್ದದಂತೆ ಕಲಿತ ಕನ್ನಡ, ಅದೂ ಶಾಲೆಯ ಕನ್ನಡವಲ್ಲ, ಅತ್ತೆ ಒಲೆಯ ಮುಂದೆ ಆಡುವ ‘ಆನು’, ‘ಇಲ್ಲೆ’, ಪರವಾಗಿಲ್ಲ ಅನ್ನುವುದಕ್ಕೆ ‘ಅಡ್ಡಿಲ್ಲೆ’. ಅವಳ ಮಾತಿಗೆ ಅದೇ ಮಾತಿನಲ್ಲಿ ಉತ್ತರ ಕೊಡುವವರು ಸಿದ್ದಾಪುರದಲ್ಲಿ ಒಬ್ಬರೂ ಇರಲಿಲ್ಲ. ಇದ್ದವರು ಒಬ್ಬರೇ, ಸಮುದ್ರದಾಚೆ, ಅವಳ ತಾಯಿ.

ತಾಯಿಯ ಹತ್ತಿರ ಮಾತಾಡಬೇಕಾದರೆ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಪೇಟೆಯ ಫೋನ್ ಬೂತಿಗೆ ಹೋಗಬೇಕು. ತಾಯಿಯ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಅಂಗಡಿಗೆ ಬಂದು ಕಾಯುತ್ತಿದ್ದರಂತೆ. ಜೊತೆಗೆ ಹೋಗುವುದು ನನ್ನ ಪಾಲಿನ ಕೆಲಸ. ಗಾಜಿನ ಪೆಟ್ಟಿಗೆಯಂಥ ಆ ಬೂತಿನೊಳಗೆ ಹೊಕ್ಕು “ನಾನಾಯ್!” ಎಂದು ಅಮ್ಮನನ್ನು ಕರೆದಳೆಂದರೆ ಸಾಕು, ಅವಳು ಬೇರೆಯೇ ಹೆಂಗಸು. ನಮ್ಮ ಮನೆಯಲ್ಲಿ ಒಂದು ಚಮಚ ಬೇಕಾದರೂ ತಡವರಿಸಿ ಕೇಳುವವಳು, ಅಲ್ಲಿ ಕೈ ಬೀಸಿ, ತೊಡೆ ತಟ್ಟಿ, ನಗುತ್ತ, ಬೈಯುತ್ತ, ಮೂಗು ಸೀಟುತ್ತ ಮಾತಾಡುವಳು. ನಾನು ಹೊರಗಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಇವಳಿಗೆ ಇಷ್ಟು ತಮಾಷೆ ಬರುತ್ತದೆ, ಇಷ್ಟು ಜಗಳ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆ ಬೆಂಚಿನ ಮೇಲೆಯೇ. ನಮಗೆ ಸಿಕ್ಕದ್ದು ಅವಳ ಕಾಲು ಭಾಗ ಮಾತ್ರ ಎಂದು ತಿಳಿದು ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಒಮ್ಮೆ ಅತ್ತೆಯೂ ಬಂದರು. ಆಚೆಯಿಂದ ತಾಯಿ ಬೀಗಿತ್ತಿಯ ಹತ್ತಿರ ಮಾತಾಡಬೇಕು ಎಂದರಂತೆ. ಅತ್ತೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು “ಹೆಲೋ, ಊಟ ಆತಾ?” ಎಂದು ಕೂಗಿದರು. ಆಚೆಯಿಂದ ಏನೋ ಬಂತು. ಅತ್ತೆ ತಲೆಯಾಡಿಸಿದರು. “ನಿಮ್ಮ ಕೂಸು ಅಡ್ಡಿಲ್ಲೆ. ಉಣ್ತು, ಆದರೆ ಸಾಲ್ತಿಲ್ಲೆ” ಎಂದರು. ಆಚೆಯಿಂದ ಮತ್ತೂ ಉದ್ದಕ್ಕೆ ಏನೋ ಬಂತು. ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿ ಮುಗಿಸಿದರು. ಹೊರಗೆ ಬಂದ ಮೇಲೆ “ಎಂತ ಹೇಳಿದ್ವು?” ಎಂದು ನಾನು ಕೇಳಿದೆ.

“ಊಟ ಆಜಡ,” ಊಟ ಆಗಿದೆಯಂತೆ, ಎಂದು ಅತ್ತೆ ಖಚಿತವಾಗಿ ಹೇಳಿದರು.

ಅವಳು ನಗು ತಡೆಯಲಾರದೆ ಗೋಡೆಗೆ ಒರಗಿದಳು. ತಾಯಿಯೂ ಕೇಳಿದ್ದು ಅದನ್ನೇ ಅಂತೆ, ನಿಮ್ಮ ಊಟ ಆಯಿತಾ ಎಂದು.

ಆ ದಿನ ಮನೆಗೆ ನಡೆದು ಬರುವಾಗ, ಅತ್ತೆ ನಾಲ್ಕು ಹೆಜ್ಜೆ ಮುಂದಿದ್ದರು. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು, “ಅಕ್ಕ, ಅಮ್ಮ ಹೋದ ಮೇಲೆ ನನ್ನ ಮಾತಿಗೆ ಉತ್ತರ ಕೊಡಲೆ ಯಾರೂ ಇಲ್ಲೆ. ಆನು ಕರದ್ರೆ, ಕರದಲ್ಲೇ ನಿಲ್ತು.” ಅವಳಿಗಿದ್ದ ಹೆದರಿಕೆ ಅದೊಂದೇ. ಪರದೇಶ, ಮಾಂಸ ಬೇಯದ ಅಡುಗೆಮನೆ, ಸೀರೆ, ಯಾವುದಕ್ಕೂ ಅವಳು ಹೆದರಿದ್ದನ್ನು ನಾನು ಕಾಣೆ. ಅವರಿಗೆ ಮಕ್ಕಳಾಗಲಿಲ್ಲ. ಮಗುವಿನ ಬಾಯಿಗಾದರೂ ಮಾತು ದಾಟೀತು ಎಂಬ ಆಸೆಯೂ ಇರಲಿಲ್ಲ.

ಹಾಗಾಗಿ ನಾನು ಕಲಿಯಲು ಹೊರಟೆ. ಟೀಚರ್ ಅಲ್ಲವೇ, ಕಲಿಸುವವರ ಕಷ್ಟ ಗೊತ್ತು, ಒಳ್ಳೆಯ ವಿದ್ಯಾರ್ಥಿಯಾಗುತ್ತೇನೆ ಎಂದುಕೊಂಡೆ. ಆಗಲಿಲ್ಲ. ಆದರೆ ಶಬ್ದಗಳು ಬಂದವು, ಬಿಡಿ ಹೂವಿನ ಹಾಗೆ. ನಾನು ಅವಳಿಗೆ ಅಕ್ಕ, ಅಲ್ಲಿಯ ಮಾತಿನಲ್ಲಿ ಮಾನಾಂಗ್. ‘ಇಲ್ಲೆ’ ಅನ್ನುವುದಕ್ಕೆ ವಾಲಾ. ‘ಯಾರಿಗೆ ಗೊತ್ತು ಮಾರಾಯ್ತಿ’ ಅನ್ನುವುದಕ್ಕೆ ಅಂಬೊತ್. ಇದನ್ನು ಭುಜ ಕುಣಿಸಿ ಹೇಳಬೇಕು, ಇಲ್ಲವಾದರೆ ಅರ್ಧ ಅರ್ಥ ಉದುರಿಹೋಗುತ್ತದೆ. ರುಚಿಯಾದದ್ದು ನಮಿತ್. ಬಹಳ ರುಚಿಯಾದರೆ ನಮಿತ್ ಗಿದ್. ಆ ‘ಗಿದ್’ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ, ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ತೆಂಗಿನಕಾಯಿ ತುರಿ ಬೀಳುವ ಹಾಗೆ. ಹುಡುಗಿಯನ್ನು ಪ್ರೀತಿಯಿಂದ ಕರೆಯಬೇಕಾದರೆ ಇಂದಾಯ್ ಅನ್ನುತ್ತಾರೆ. ಅವಳ ತಾಯಿ ಫೋನಿನಲ್ಲಿ ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲವಂತೆ, ಯಾವಾಗಲೂ ಇಂದಾಯ್. ಅತ್ತೆಯೂ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವರ ಬಾಯಲ್ಲಿ ಅವಳು ಮೊದಲ ವಾರದಿಂದಲೇ ‘ಕೂಸೆ’. ಎರಡೂ ಒಂದೇ ಎಂದು ನಾನು ಅವಳಿಗೆ ಹೇಳಿದಾಗ ಅವಳು ಹುಬ್ಬು ಎತ್ತಿದಳು. ಅಷ್ಟು ಹೊತ್ತಿಗೆ ನನಗೆ ಹುಬ್ಬಿನ ಭಾಷೆ ಪೂರ್ತಿ ಬರುತ್ತಿತ್ತು.

ಅತ್ತೆ ಮಾತ್ರ ಅವಳ ಮಾತಿನ ಒಂದು ಶಬ್ದವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅವಳು ಎಷ್ಟೋ ಸಲ ಮುದ್ದು ಮಾಡಿ, ಒಂದು, ಒಂದೇ ಒಂದು ಶಬ್ದ ಹೇಳಿ ಎಂದು ಪೀಡಿಸಿದ್ದುಂಟು. “ಮುದಿ ನಾಲಿಗೆ, ಇನ್ನು ಹೊರಳ್ತಿಲ್ಲೆ” ಎಂದು ಅತ್ತೆ ಕವಳ ಹಾಕಿಕೊಂಡು ಕೂರುವರು. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಮಾತು ತಪ್ಪಿಸಿಕೊಳ್ಳುವುದು ಸುಲಭ.

ಹಿಲಿಗಾಯ್ನೋನ್ ಆಡುವವರ ದನಿ ಏರಿಳಿಯುತ್ತ, ತೂಗಿದಂತೆ ಸಾಗುತ್ತದೆ. ಸಿಟ್ಟು ಬಂದರೂ ಅದು ಬದಲಾಗುವುದಿಲ್ಲ. ಒಂದು ಮಧ್ಯಾಹ್ನ ಗಂಡ ಹೆಂಡತಿಗೆ ಜಗಳವಾಯಿತು. ಎಕ್ಸರೇ ಕೋಣೆಯ ಬಾಗಿಲು ಹಾಕದೆ ಅವನು ಎಲ್ಲಿಯೋ ಹರಟೆಗೆ ಹೋಗಿದ್ದನಂತೆ. ಇಂಗ್ಲಿಷಿನಲ್ಲಿ ಶುರುವಾದದ್ದು ಸ್ವಲ್ಪ ಹೊತ್ತಿನಲ್ಲಿ ಅವಳ ಮಾತಿಗೆ ತಿರುಗಿತು. ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದವರು ಕಣ್ಣು ಮುಚ್ಚಿ ಕೇಳಿ, “ಎಷ್ಟು ಚಂದ ಹಾಡ್ತು ನೋಡು. ಎಂತ ಹಾಡನ?” ಎಂದರು. ಒಳಗಿನಿಂದ ಹೊರಬಿದ್ದ ಮೈದುನನ ಮುಖ ನೋಡಿದ ಮೇಲೆ ಅದು ಯಾವ ಹಾಡು ಎಂದು ವಿವರಿಸುವ ಅಗತ್ಯ ಬೀಳಲಿಲ್ಲ.

ಅತ್ತೆಗೆ ಅವಳ ಮಾತಿನ ಮೇಲೆ ಗೌರವ ಹುಟ್ಟಿದ್ದು ಅನ್ನದ ದೆಸೆಯಿಂದ. ನಾನು ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ಯಾವಾಗಲೂ ಒಂದು ಕಿರಿಕಿರಿ. ಗದ್ದೆಯಲ್ಲಿ ಇದ್ದರೂ ರೈಸ್, ಚೀಲದಲ್ಲಿ ಇದ್ದರೂ ರೈಸ್, ತಟ್ಟೆಗೆ ಬಿದ್ದರೂ ರೈಸ್. ಮಕ್ಕಳು “ಟೀಚರ್, ಬೆಂದಿದ್ದೋ ಬೇಯದ್ದೋ?” ಎಂದು ಕೇಳುತ್ತಾರೆ. ಇದನ್ನು ಮನೆಯಲ್ಲಿ ಹೇಳುತ್ತಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿ, ಗದ್ದೆಯದು ಹುಮಾಯ್, ಚೀಲದ್ದು ಬುಗಾಸ್, ತಟ್ಟೆಯದು ಕನ್ಓನ್ ಎಂದಳು. ನಿನ್ನೆಯ ಅನ್ನ ಬಹಾವ್. ಪಾತ್ರೆಯ ಅಡಿಗೆ ಹತ್ತಿ ಕೆಂಪಗಾದದ್ದು ದುಕೊತ್, ಅದಕ್ಕೆ ಮಕ್ಕಳು ಹೊಡೆದಾಡುತ್ತಾರೆ. ನಾನು ಒಂದೊಂದನ್ನೂ ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ತಂಗಳನ್ನಕ್ಕೂ ಬೇರೆ ಹೆಸರು ಇದ್ದಾ?”

“ಇದ್ದು ಅತ್ತೆ.”

“ಹಂಗಾರೆ ಅವೂ ನಮ್ಮ ಹಾಂಗೇ ಅನ್ನ ಉಂಬವು. ಅಡ್ಡಿಲ್ಲೆ” ಎಂದರು. ನನ್ನ ತವರಿನವರ ಬಗ್ಗೆ ಅತ್ತೆ ಇಷ್ಟು ಒಳ್ಳೆಯ ಮಾತು ಯಾವತ್ತೂ ಆಡಿರಲಿಲ್ಲ.

ಈಗ ಕಾವೊನ್ ತಾ ವಿಷಯಕ್ಕೆ ಬರಬೇಕು. ಅವಳ ಊರಲ್ಲಿ ಊಟ ಮಾಡುತ್ತ ಕೂತವರು, ಯಾರಾದರೂ ಹಾದುಹೋಗುವುದು ಕಂಡರೆ ‘ಕಾವೊನ್ ತಾ’ ಅನ್ನಬೇಕು. ಉಣ್ಣೋಣ ಬನ್ನಿ ಎಂದು ಅರ್ಥ. ಅನ್ನದೆ ಉಂಡರೆ ಸೊಕ್ಕಿನವರು ಎನ್ನಿಸಿಕೊಳ್ಳುತ್ತಾರೆ. ಹಾಗೆಂದು ಕರೆಸಿಕೊಂಡವರೆಲ್ಲ ಬಂದು ಕೂರುವುದಿಲ್ಲ. ‘ಸಿಗೇ ಲಾಂಗ್’ ಅಂದು, ಆಗಲಿ, ನೀವು ಉಣ್ಣಿ ಅಂದು, ನಕ್ಕು ಮುಂದೆ ಹೋಗುತ್ತಾರೆ. ನಾವು ಎದುರು ಸಿಕ್ಕವರನ್ನು ‘ಯಾವ ಕಡೆಗೆ ಸವಾರಿ?’ ಎಂದು ಕೇಳುವುದಿಲ್ಲವೇ, ಹಾಗೆ. ಉತ್ತರ ಯಾರಿಗೂ ಬೇಕಾಗಿರುವುದಿಲ್ಲ.

ಬೇಸಗೆಯಲ್ಲಿ ಒಳಗೆ ಸೆಕೆ ಎಂದು ಅವಳು ತಟ್ಟೆ ಹಿಡಿದು ಜಗಲಿಯಲ್ಲಿ ಕೂರುವಳು. ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡಿ ಕಾವೊನ್ ತಾ ಅನ್ನುವಳು. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಕಲಿತ ಕನ್ನಡವನ್ನು ಅದರ ಹಿಂದೆಯೇ ಸೇರಿಸುವಳು, “ಕಾವೊನ್ ತಾ, ಉಂಬಲೆ ಬನ್ನಿ!” ಸಿದ್ದಾಪುರದಲ್ಲಿ ಊಟದ ಹೊತ್ತಿಗೆ ಊಟಕ್ಕೆ ಕರೆದರೆ ಅದು ಊಟಕ್ಕೇ ಕರೆದ ಹಾಗೆ. ಬರುವುದಿಲ್ಲ ಎಂದರೆ ಮನೆಯವರ ಮರ್ಯಾದೆ ಕಳೆದ ಹಾಗೆ. ಮೊದಲು ಸಿಕ್ಕಿಬಿದ್ದವನು ಅಂಚೆಯವನು. ಅವನು ಬರುವ ಹೊತ್ತೂ ನಮ್ಮ ಊಟದ ಹೊತ್ತೂ ಒಂದೇ. ಕರೆದದ್ದು ಕೇಳಿ ಸ್ವಲ್ಪ ಹೊತ್ತು ಅನುಮಾನಿಸಿ ನಿಂತ. ಆಮೇಲೆ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು, ಜಗಲಿಯಲ್ಲಿ ಬಂದು ಕೂತೇಬಿಟ್ಟ. ಅವಳು ಗಾಬರಿಯಿಂದ ಒಳಗೆ ಓಡಿ ಬಂದಳು.

“ಅಕ್ಕ, ಅಂವ ಕೂತ್ಗಂಡ!”

ಅತ್ತೆಗೆ ಗಾಬರಿಯಿಲ್ಲ. ಬಾಳೆ ಎಲೆ ತೆಗೆದುಕೊಂಡು ಎದ್ದರು. “ಕರದ ಮೇಲೆ ಬಡಸಲೇ ಬೇಕು. ಕರದು ಕಳಸಲೆ ಆಗ್ತಾ?” ಎಂದರು. ಆದರೆ ಅಂದಿನಿಂದ ದಿನಾ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಬೀಳುವುದು ಶುರುವಾಯಿತು. “ಇದರ ಬಾಯಿ ಇದ್ದಷ್ಟು ದಿನ ನಮ್ಮನೆ ಚತ್ರ” ಎಂಬ ಗೊಣಗಾಟವೂ ಶುರುವಾಯಿತು.

ಅವಳು ಅಂಚೆಯವನಿಗೆ ಸರಿಯಾದ ಪದ್ಧತಿ ಕಲಿಸಲು ನೋಡಿದಳು. ಹೀಗೆ ಕರೆದರೆ ನೀವು ಸಿಗೇ ಲಾಂಗ್ ಅನ್ನಬೇಕು, ಅಂದು ಹೋಗಬೇಕು, ಎಂದಳು. ಅವನು ಬುದ್ಧಿವಂತ, ಒಂದೇ ಸಲಕ್ಕೆ ಕಲಿತ. ಮುಂದೆ ಅವಳು ಕಾವೊನ್ ತಾ ಅಂದಾಗಲೆಲ್ಲ ಗೇಟಿನಲ್ಲಿ ನಿಂತು “ಸಿಗೇ ಲಾಂಗ್ ಅಮ್ಮಾ” ಎಂದು ಗಟ್ಟಿಯಾಗಿ ಹೇಳುವನು, ಹೇಳಿ ಚಪ್ಪಲಿ ಬಿಡುವನು. ವಾರಕ್ಕೆ ಒಂದೆರಡು ದಿನ ಇದು ತಪ್ಪುತ್ತಿರಲಿಲ್ಲ. ಅವಳು ಅವನ ಮಾತು ಕೇಳಿ ನಗುವಾಗ ಬೂತಿನೊಳಗಿನ ಆ ಹೆಂಗಸು ಒಂದು ಕ್ಷಣ ನಮ್ಮ ಜಗಲಿಯಲ್ಲಿ ಕಾಣಿಸಿ ಮಾಯವಾಗುತ್ತಿದ್ದಳು.

ಒಂದು ದಿನ ಅವಳು ಸಾಮಾನಿನ ಕಪಾಟಿನಲ್ಲಿ ಏನೋ ಹುಡುಕುತ್ತ ಮುರುಗಲು ಹುಳಿಯ ಭರಣಿ ತೆಗೆದಳು. ಒಣಗಿಸಿಟ್ಟ ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು. “ಬತ್ವಾನ್” ಎಂದಳು. ಅದು ಅವರ ಕಡೆಯ ಒಂದು ಹುಳಿ ಕಾಯಿ. ಇದು ಅದಲ್ಲ, ಆದರೆ ಅದರ ಅಕ್ಕನೋ ತಂಗಿಯೋ ಇರಬೇಕು. ಅಲ್ಲಿ ಭಾನುವಾರ ಅವಳ ತಾಯಿ ತೊಗರಿ ಕಾಳು, ಎಳೆ ಹಲಸಿನಕಾಯಿ ಬೇಯಿಸಿ, ಬತ್ವಾನ್ ಹಾಕಿ ಒಂದು ಸಾರು ಮಾಡುತ್ತಿದ್ದರಂತೆ. ಹಲಸಿನಕಾಯಿಗೆ ಅವರು ಲಂಕಾ ಅನ್ನುತ್ತಾರೆ. “ರಾವಣನ ಊರನ್ನೇ ಹೆಚ್ಚಿ ಬೇಯಸ್ತ್ವಾ?” ಎಂದು ಅತ್ತೆ ನಕ್ಕರು. “ಮತ್ತೆಂತ ಹಾಕ್ತ್ವು ಅದಕ್ಕೆ?” ಎಂದು ಕೇಳಿದರು. ಮತ್ತೆ ಹಾಕುವುದು ಹಂದಿ ಮಾಂಸ. ಅದನ್ನು ಅವಳು ನನ್ನ ಕಿವಿಯಲ್ಲಿ ಹೇಳಿದ್ದಳು. “ಉಪ್ಪು” ಎಂದು ನಾನು ಅತ್ತೆಗೆ ಹೇಳಿದೆ. ಸುಳ್ಳೇನಲ್ಲ, ಉಪ್ಪನ್ನೂ ಹಾಕುತ್ತಾರೆ.

ಆ ಭಾನುವಾರ ಅವಳು ಉಪ್ಪು ಮಾತ್ರ ಹಾಕಿ ಆ ಸಾರು ಮಾಡಿದಳು. ನಾವೆಲ್ಲ ಉಂಡು ನಮಿತ್ ಗಿದ್ ಎಂದೆವು. ಅತ್ತೆ ಅದರ ಬದಲು ಎರಡು ಸಲ ಹಾಕಿಸಿಕೊಂಡರು.

ಶಿರಸಿಗೆ ಸಾಮಾನಿಗೆ ಹೋದಾಗ ಒಣಮೀನು ಮಾರುವ ಕಡೆ ಅವಳ ಕಾಲು ನಿಧಾನವಾಗುತ್ತಿತ್ತು. ನಮ್ಮ ಮನೆಯೊಳಗೆ ಅದು ಬರುವ ಹಾಗಿಲ್ಲ. ಅವಳೂ ಯಾವತ್ತೂ ಕೇಳಿದವಳಲ್ಲ. ನಾನು ಎದುರಿನ ಬಳೆ ಅಂಗಡಿಯಲ್ಲಿ ಬೇಡದ ಬಳೆಗಳನ್ನು ಬಹಳ ಹೊತ್ತು ಆರಿಸುತ್ತಿದ್ದೆ. ಅವಳು ಅಲ್ಲಿ ನಿಂತು ಮೂಗಿನ ತುಂಬ ಉಸಿರೆಳೆದುಕೊಂಡು ಬರುವಳು. ಹಿದ್ಲಾವ್ ಎಂಬ ಶಬ್ದ ಕಲಿಸಿದ್ದು ಆ ಬೀದಿಯಲ್ಲಿ. ಹತ್ತಿರ ಇಲ್ಲದವರಿಗಾಗಿ ಎದೆಯೊಳಗೆ ಆಗುವ ಸಂಕಟ ಅದು. ಹಂಬಲ ಎಂದು ನಾನು ಕನ್ನಡದಲ್ಲಿ ಹೇಳಿಕೊಟ್ಟೆ. ಅವಳು ಸ್ವಲ್ಪ ಯೋಚಿಸಿ, ಹಂಬಲಕ್ಕಿಂತ ಇದು ಸ್ವಲ್ಪ ಒದ್ದೆ ಎಂದಳು. ನಾನು ಒಪ್ಪಿದೆ.

ಹೊಸ ಶತಮಾನ ಬಂದಿತು. ಮನೆಗೇ ಫೋನೂ ಬಂದಿತು. ಅದರ ಹಿಂದೆಯೇ ತಾಯಿಗೆ ಹುಷಾರಿಲ್ಲ ಎಂಬ ಸುದ್ದಿ. ನನ್ನ ತವರು ಯಲ್ಲಾಪುರ. ಅಲ್ಲಿಗೆ ಹೋದಾಗ ಅವಳನ್ನು ಚಂದಗುಳಿಯ ಗಣಪತಿಗೆ ಕರೆದುಕೊಂಡು ಹೋದೆ. ಹರಕೆ ಹೊತ್ತವರು ಅಲ್ಲಿ ಗಂಟೆ ಒಪ್ಪಿಸುತ್ತಾರೆ. ಅಷ್ಟು ಗಂಟೆಗಳ ನಡುವೆ ನಿಂತು ಅವಳು ಅಂಜುತ್ತ ಕೇಳಿದಳು, “ಅಕ್ಕ, ಎಂತ ಹೇಳಿ ಕೇಳ್ಳಿ?” ಹೊರಡುವಾಗ ಅತ್ತೆ ಹೇಳಿಕೊಟ್ಟದ್ದನ್ನೇ ನಾನು ಹೇಳಿದೆ, “ಗಂಟೆ ಬಾರಸು. ಅವಂಗೆ ಅಷ್ಟು ಸಾಕಡ.” ಅವಳು ಬಾರಿಸಿದಳು. ಬಾರಿಸುವಾಗ ತುಟಿ ಅಲುಗುತ್ತಿತ್ತು. ಪಲಂಗ್ಗ ಎಂಬ ಒಂದು ಶಬ್ದ ಮಾತ್ರ ನನಗೆ ಸಿಕ್ಕಿತು. ಬಿಸಿ ಅನ್ನವನ್ನು ಊದಿ ಊದಿ ಮಗುವಿನ ಬಾಯಿಗೆ ಇಡುವಾಗ ಇರುತ್ತದಲ್ಲ, ಆ ಪ್ರೀತಿಗೆ ಅವರು ಪಲಂಗ್ಗ ಅನ್ನುತ್ತಾರೆ. ನಮ್ಮಲ್ಲಿ ಅಕ್ಕರೆ ಇದೆ, ಆದರೆ ನಾವು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಮನೆಗೆ ಬಂದವಳೇ ಅತ್ತೆಯ ಕೊರಳಿಗೆ ಜೋತುಬಿದ್ದು “ಪಲಂಗ್ಗ ತಾ ಕಾ” ಎಂದಳು. ಅತ್ತೆ ನನ್ನ ಮುಖ ನೋಡಿದರು. “ನಿಮ್ಮ ಮೇಲೆ ಅಕ್ಕರೆಯಡ” ಎಂದೆ. ಅತ್ತೆ ಅವಳ ಕೈ ಬಿಡಿಸಿಕೊಂಡರು. “ಆತು, ಆತು. ಕೈಕಾಲು ತೊಳಕಂಡು ಬಾ, ಆಸ್ರಿಗೆ ಕುಡಿ” ಎಂದು ಬಾಯಾರಿಕೆಗೆ ನೀರು ಬೆಲ್ಲ ತರಲು ಒಳಗೆ ಹೋದರು. ಬೆಲ್ಲದ ತುಂಡು ಎಂದಿಗಿಂತ ದೊಡ್ಡದಿತ್ತು.

ತಾಯಿ ಆ ವರ್ಷ ಚೇತರಿಸಿಕೊಂಡರು. ಮರುವರ್ಷ, ಹಲಸಿನ ಮರದಲ್ಲಿ ಎಳೆಕಾಯಿ ಬಿಟ್ಟ ಹೊತ್ತಿಗೆ, ಒಂದು ಬೆಳಿಗ್ಗೆ ಅವಳ ಅಣ್ಣನ ಫೋನ್ ಬಂತು. ಅವಳು ಕೇಳಿಸಿಕೊಂಡು ಫೋನ್ ಇಟ್ಟಳು. ಹೊರಟರೂ ತಾಯಿಯ ಮಣ್ಣಿಗೆ ಮುಟ್ಟುವ ಹಾಗಿರಲಿಲ್ಲ. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಅತ್ತೆ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಾವೇ ತಲೆಗೆ ನೀರು ಹೊಯ್ದರು. ಮದುವೆಯಾದ ಮಗಳಿಗೆ ತಾಯಿಯ ಸೂತಕ ಮೂರು ದಿನ. ಅದನ್ನು ಹಿಡಿಸಿದರು. ಪಕ್ಕದ ಮನೆಯ ಹೆಂಗಸು “ಅವು ಬೇರೆ ಮತದವು ಅಲ್ದಾ, ಸೂತಕ ಎಂಥದು?” ಎಂದಿದ್ದಕ್ಕೆ, “ತಾಯಿ ಹೋದ್ರೆ ಎಲ್ಲಾ ಮತದಲ್ಲೂ ತಾಯಿ ಹೋದಾಂಗೇಯ” ಎಂದು ಬಾಯಿ ಮುಚ್ಚಿಸಿದರು. ಅವರಲ್ಲಿ ಒಂಬತ್ತು ದಿನ ಪ್ರಾರ್ಥನೆ. ಸಂಜೆ ಅವಳು ಕೋಣೆಯಲ್ಲಿ ಮೇಣದಬತ್ತಿ ಹಚ್ಚಿದ್ದನ್ನು ಕಂಡು ಅತ್ತೆ ತುಪ್ಪದ ದೀಪ ತಂದು ಪಕ್ಕದಲ್ಲಿಟ್ಟರು.

ಅವಳು ಅಳಲಿಲ್ಲ. ಕೆಲಸ ಮಾಡಿದಳು, ಕೇಳಿದ್ದಕ್ಕೆ ಕನ್ನಡದಲ್ಲಿ ಹೌದು, ಇಲ್ಲೆ ಎಂದಳು. ಆದರೆ ಅವಳ ಮಾತಿನ ಒಂದು ಶಬ್ದವೂ ಹೊರಬೀಳಲಿಲ್ಲ. ನಾನು “ಹೊಟ್ಟೆ ಹಸಿತ್ತಾ?” ಎಂದರೆ ಹುಬ್ಬು ಸಹ ಏಳಲಿಲ್ಲ. ಅವಳಿಂದ ಉತ್ತರ ಬರಲಿ ಎಂದು ನಾನು ನನಗೆ ಗೊತ್ತಿದ್ದ ಶಬ್ದಗಳನ್ನೆಲ್ಲ ಒಂದೊಂದಾಗಿ ಆಡಿ ನೋಡಿದೆ. ಅವಳು ನನ್ನ ಮುಖ ನೋಡಿ ಮತ್ತೆ ಕೆಲಸಕ್ಕೆ ತಿರುಗಿದಳು. ಜಗಲಿಯಲ್ಲಿ ಊಟಕ್ಕೆ ಕೂತರೂ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಅಂಚೆಯವನು ಗೇಟಿನ ಹತ್ತಿರ ಸ್ವಲ್ಪ ನಿಧಾನ ಮಾಡುವನು, ಕರೆ ಬಾರದ್ದು ನೋಡಿ ಹೋಗುವನು. ದಿನಾ ಒಂದು ಹಿಡಿ ಅನ್ನ ಉಳಿಯತೊಡಗಿತು. ಅತ್ತೆ ಅದನ್ನು ನೋಡುತ್ತಿದ್ದರು. ಗೊಣಗಲಿಲ್ಲ.

ಒಂಬತ್ತನೆಯ ದಿನ ನಾನು ಶಾಲೆಗೆ ರಜೆ ಹಾಕಿದ್ದೆ. ಆ ದಿನ ಅವರ ಊರಲ್ಲಿ ಅಡುಗೆ ಮಾಡಿ, ಹೋದವರಿಗೂ ಒಂದು ತಟ್ಟೆ ಇಡುತ್ತಾರೆ. ಇದನ್ನು ಅವಳು ಯಾವ ಕಾಲದಲ್ಲೋ ಮಾತಿನ ಮಧ್ಯೆ ಹೇಳಿದ್ದಳು. ಈಗ ಮಾಡೋಣವೇ ಎಂದು ಕೇಳಿದರೆ, ಬೇಡ ಅಕ್ಕ, ಯಾರಿಗೆ, ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಅಡುಗೆಮನೆಯಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ ಅತ್ತೆ. ಮಂಡಿನೋವು ಶುರುವಾದ ಮೇಲೆ ಅವರು ಒಲೆಯ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದರು. ಈಗ ಎಣ್ಣೆ ಸವರಿದ ಕೈಯಲ್ಲಿ ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ರಾತ್ರಿಯೇ ನೆನೆಹಾಕಿದ ತೊಗರಿ ಕಾಳು, ಮುರುಗಲಿನ ಭರಣಿ. ಒಂದೇ ಸಲ ಉಂಡದ್ದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದರು. ನಾನು ಸಹಾಯಕ್ಕೆ ಕೈ ಹಾಕಿದೆ, “ನೀ ಸುಮ್ನಿರು” ಎಂದು ಗದರಿದರು.

ಮಧ್ಯಾಹ್ನ ಬಾಳೆ ಎಲೆಯ ತುಂಡಿನಲ್ಲಿ ಅನ್ನ, ಆ ಸಾರು, ಸ್ವಲ್ಪ ತುಪ್ಪ ಹಾಕಿ ಅಂಗಳದ ಕಟ್ಟೆಯ ಮೇಲಿಟ್ಟರು. ಎಡೆ ಇಟ್ಟ ಮೇಲೆ ನಮ್ಮಲ್ಲಿ ಕಾಗೆಯನ್ನು ಕೂಗಿ ಕರೆಯುತ್ತೇವೆ, ಹೋದವರು ಅದರ ರೂಪದಲ್ಲಿ ಬಂದು ಉಣ್ಣಲಿ ಎಂದು. ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. ಬಾಯಲ್ಲಿ ಕವಳ ಇರಲಿಲ್ಲ. ಮರದ ಕಡೆ ಮುಖ ಎತ್ತಿ, ಫೋನ್ ಬೂತಿನಲ್ಲಿ ಕೂಗಿದಂತೆಯೇ ಗಟ್ಟಿಯಾಗಿ ಕೂಗಿದರು.

“ಕಾವೊನ್ ತಾ!”

ಅವಳು ಜಗಲಿಯ ಕಂಬದ ಹತ್ತಿರ ಇದ್ದಳು. ಮೆಟ್ಟಿಲು ಇಳಿದು ಬಂದಳು. “ಅತ್ತೆ, ಎಂತ ಅಂದ್ರಿ?” ಎಂದು ಕೇಳಿದಳು.

ಅತ್ತೆ ಅವಳ ಕಡೆ ತಿರುಗಲಿಲ್ಲ. ಮರವನ್ನೇ ನೋಡುತ್ತ ಹೇಳಿದರು, “ನಿನ್ನ ಅಬ್ಬೆಗೆ ಕನ್ನಡ ಬತ್ತಿಲ್ಲೆ ಅಲ್ದನೆ ಕೂಸೆ? ಇಷ್ಟು ದೂರ ಬಂದು, ಕರದಿದ್ದು ತಿಳಿಯದೇ ಹಾಂಗೇ ತಿರುಗಿ ಹೋದ್ರೆ?”

ಮತ್ತೊಮ್ಮೆ ಕೂಗಿದರು. “ಕಾವೊನ್ ತಾ!”

ಆಗ ಗೇಟಿನ ಕಡೆಯಿಂದ ಉತ್ತರ ಬಂತು. “ಸಿಗೇ ಲಾಂಗ್ ಅಮ್ಮಾ!”

ಅಂಚೆಯವನು. ಒಂದು ಕೈ ಗೇಟಿನ ಮೇಲೆ, ಒಂದು ಕಾಲು ಆಗಲೇ ಚಪ್ಪಲಿಯಿಂದ ಹೊರಗೆ. ಅವನಿಗೆ ಎಡೆಯ ವಿಷಯ ಗೊತ್ತಿಲ್ಲ, ಬಹಳ ದಿನದ ಮೇಲೆ ಕರೆದರು ಎಂಬ ಸಂತೋಷ ಮಾತ್ರ ಮುಖದಲ್ಲಿತ್ತು. ಅವಳು ಒಮ್ಮೆ ಅತ್ತೆಯನ್ನು, ಒಮ್ಮೆ ಅವನನ್ನು ನೋಡಿದಳು. ಅವಳು ಬಾಯಿ ತೆರೆಯದೆಯೇ, ಅವಳ ಮಾತು ಸಿದ್ದಾಪುರದ ಅಂಗಳದಲ್ಲಿ ಒಬ್ಬರಿಂದ ಹೊರಟು ಇನ್ನೊಬ್ಬರಿಂದ ಉತ್ತರ ಪಡೆದಿತ್ತು. ಆಗ ಅತ್ತಳು. ಅತ್ತೆಯ ಹೆಗಲಿಗೆ ಮುಖ ಹಾಕಿ, ನಾನಾಯ್, ನಾನಾಯ್ ಎಂದು ಅತ್ತಳು. ಯಾರನ್ನು ಕರೆಯುತ್ತಿದ್ದಳೋ ನಾನು ಕೇಳಲಿಲ್ಲ. ಅತ್ತೆ ಮಾತ್ರ ಆ ಕರೆಗೆ “ಹೂಂ” ಎನ್ನುತ್ತ ಬೆನ್ನು ಸವರುತ್ತಿದ್ದರು. ನನ್ನ ಕಣ್ಣೀರೂ ನಿಲ್ಲಲಿಲ್ಲ.

ಅಂಚೆಯವನು ಹೆದರಿ ಚಪ್ಪಲಿಯನ್ನು ಮತ್ತೆ ಮೆಟ್ಟತೊಡಗಿದ. ಅವಳು ಅದನ್ನು ಕಂಡು ಸೆರಗಿನಿಂದ ಮುಖ ಒರಸಿಕೊಂಡಳು. ಒಳಗೆ ಹೋಗಿ ಬಾಳೆ ಎಲೆ ತಂದು ಜಗಲಿಯಲ್ಲಿ ಹಾಸಿ, ಲೋಟದಲ್ಲಿ ನೀರಿಟ್ಟಳು. ಆಮೇಲೆ ಗೇಟಿನ ಕಡೆ ತಿರುಗಿ, ದನಿ ಇನ್ನೂ ಒಡೆದಿದ್ದರೂ ಮೊದಲಿನ ಹಾಗೇ ತೂಗುತ್ತ ಕರೆದಳು, “ಕಾವೊನ್ ತಾ. ಉಂಬಲೆ ಬನ್ನಿ.”